ವಾಪಸ್ ಬರೋದಕ್ಕೆ ನಾಚಿಕೆಯಾಗದ ದಾರಿ

ಈ ಅಂಕಣಕ್ಕೆ ಬರೋ ಮೇಲ್‌ಗಳಲ್ಲಿ ಒಂದು ಪ್ರಶ್ನೆ ಪ್ರತಿ ವರ್ಷ ಮಾರ್ಚ್-ಏಪ್ರಿಲ್ ಬಂತಂದ್ರೆ ತಪ್ಪದೆ ಹಾಜರಾಗುತ್ತೆ: "ಬೇಸಿಗೆಗೆ ಅಪ್ಪ-ಅಮ್ಮ ಬರ್ತಿದಾರೆ. ಜಾಸ್ತಿ ನಡೆಯೋಕಾಗಲ್ಲ. ಆದ್ರೆ ಮನೇಲೇ ಕೂರಿಸೋಕೂ ಮನಸ್ಸಿಲ್ಲ. ಎಲ್ಲಿಗೆ ಕರ್ಕೊಂಡು ಹೋಗಲಿ?"

ಇಷ್ಟು ದಿನ ನಾನು ಇದಕ್ಕೆ ಒಂದು ಲಿಸ್ಟ್ ಕಳಿಸಿ ಕೈ ತೊಳ್ಕೊಳ್ತಿದ್ದೆ. ಹೋದ ವರ್ಷ ನನ್ನಪ್ಪನೇ ಬಂದರು. ಆಮೇಲೆ ಆ ಲಿಸ್ಟ್ ಡಿಲೀಟ್ ಮಾಡಿದೆ. ಅದರ ಬದಲು ಒಂದೇ ಜಾಗದ ಬಗ್ಗೆ ಇವತ್ತು ಬರೀತಿದೀನಿ. ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನಲ್ಲಿರೋ ಮ್ಯಾಲಮ್ ಟಾರ್ನ್ ಅನ್ನೋ ಕೆರೆ. ಹೆಸರಿನ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎಚ್' ಇದೆ, ಬಾಯಲ್ಲಿ ಅದು ಬರಲ್ಲ. 'ಟಾರ್ನ್' ಅಂದ್ರೆ ಹಳೇ ನಾರ್ಸ್ ಭಾಷೆಯಿಂದ ಬಂದ ಪದ, ಬೆಟ್ಟದ ಮೇಲಿನ ಸಣ್ಣ ಕೆರೆ ಅಂತ. ನಾನಿರೋ ಲೀಡ್ಸ್‌ನಿಂದ ಕಾರಲ್ಲಿ ಹೆಚ್ಚುಕಮ್ಮಿ ಒಂದೂಕಾಲು ಗಂಟೆ.

ಆದರೆ ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ.

ನಾಲ್ಕು ನೂರು ಮೆಟ್ಟಿಲು

ಅಪ್ಪನಿಗೆ 66. ಕಲಬುರಗಿಯಲ್ಲಿ ಇರೋದು. ಮೂವತ್ತು ವರ್ಷ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡೋ ಸಣ್ಣ ಅಂಗಡಿ ನಡೆಸಿದವರು. ಬರೋದಕ್ಕೆ ಆರು ತಿಂಗಳ ಮುಂಚೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದರು. ಡಾಕ್ಟರ್ ಹೇಳಿದ್ದು ಒಂದೇ: ದಿನಾ ನಡೀರಿ, ಸಮತಟ್ಟಾದ ಕಡೆ ನಡೀರಿ, ಮಾತಾಡ್ತಾ ನಡೆಯೋಕೆ ಆಗೋಷ್ಟು ವೇಗದಲ್ಲಿ ನಡೀರಿ. ಅಪ್ಪ ಮಾಡಿದ್ದು ಉಲ್ಟಾ. ನಡೆಯೋದನ್ನೇ ಬಿಟ್ಟರು. ತಂಗಿಯ ಬಾಣಂತನಕ್ಕೆ ಅಮ್ಮ ಬೆಂಗಳೂರಿಗೆ ಹೋದಾಗ ಮನೇಲಿ ಒಬ್ಬರೇ ಟೀವಿ ಮುಂದೆ ಕೂತರು. "ನನ್ನ ಹತ್ರ ಬನ್ನಿ" ಅಂತ ಟಿಕೆಟ್ ಬುಕ್ ಮಾಡಿದೆ.

ಬಂದ ಮೊದಲ ಶನಿವಾರವೇ ಮ್ಯಾಲಮ್ ಹಳ್ಳಿಗೆ ಕರ್ಕೊಂಡು ಹೋದೆ. ಅಲ್ಲಿ ಮ್ಯಾಲಮ್ ಕೋವ್ ಅನ್ನೋ ಸುಣ್ಣದ ಕಲ್ಲಿನ ದೊಡ್ಡ ಗೋಡೆ ಇದೆ. ಸುಮಾರು 80 ಮೀಟರ್ ಎತ್ತರ, 300 ಮೀಟರ್ ಅಗಲ, ಒಳಕ್ಕೆ ಬಾಗಿದ ಅರ್ಧಚಂದ್ರ. ಹಳ್ಳಿಯಿಂದ ಅದರ ಬುಡದವರೆಗೆ ಒಳ್ಳೆ ದಾರಿ. ಅಲ್ಲೇ ನಿಂತು ನೋಡಿ, ಫೋಟೋ ತೆಗೆದು ವಾಪಸ್ ಬಂದಿದ್ದರೆ ಆ ದಿನ ಚೆನ್ನಾಗೇ ಇರ್ತಿತ್ತು. ನಾನು ಸುಮ್ಮನಿರಬೇಕಲ್ಲ! "ಅಪ್ಪ, ಮೇಲೆ ಇನ್ನೂ ಸೂಪರ್ ಇದೆ, ಹ್ಯಾರಿ ಪಾಟರ್ ಸಿನಿಮಾ ಶೂಟಿಂಗ್ ಆಗಿದೆ, ನಿಧಾನಕ್ಕೆ ಹತ್ತೋಣ" ಅಂದೆ.

ಪಕ್ಕದಲ್ಲಿ ಮೇಲಕ್ಕೆ ಹೋಗೋ ಕಲ್ಲಿನ ಮೆಟ್ಟಿಲುಗಳು ಸುಮಾರು 400. ನೂರು ದಾಟಿರಬಹುದು. ಅಪ್ಪ ಗೋಡೆ ಹಿಡ್ಕೊಂಡು ಕೂತುಬಿಟ್ಟರು. ಹಿಂದೆ ಜನ ಸಾಲಾಗಿ ನಿಂತಿದ್ದರು. ಒಬ್ಬ ಹೆಂಗಸು "ಆರ್ ಯೂ ಓಕೆ?" ಅಂದಳು, ಎರಡು ಸಣ್ಣ ಮಕ್ಕಳು ಅಪ್ಪನನ್ನ ದಾಟಿ ಓಡಿಹೋದವು. ಅಪ್ಪ ನಗೋ ಪ್ರಯತ್ನ ಮಾಡಿದರು. ನೋವಿಲ್ಲ, ಸುಸ್ತಿಲ್ಲ ಅಂದರು. ಆದ್ರೆ ಏಳಲಿಲ್ಲ. ಹತ್ತು ನಿಮಿಷ ಬಿಟ್ಟು ಇಬ್ಬರೂ ಕೆಳಗಿಳಿದೆವು.

ಕಾರಲ್ಲಿ ಮಾತಿಲ್ಲ. ಮುಂದಿನ ಹತ್ತು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. "ಪಾರ್ಕಿಗಾದ್ರೂ ಹೋಗಿ ಬನ್ನಿ" ಅಂದ್ರೆ "ಚಳಿ ಅದ" ಅಂತಿದ್ದರು. ಜೂನ್ ತಿಂಗಳು. ನಾನು ಟೀ-ಶರ್ಟಲ್ಲಿದ್ದೆ.

'ಈಸಿ' ಅಂತ ಬರೆದಿದ್ದೆಲ್ಲ ಈಸಿ ಅಲ್ಲ

ಆ ಹತ್ತು ದಿನ ನಾನು ರಾತ್ರಿ ಕೂತು ಮ್ಯಾಪ್ ನೋಡಿದೆ. ಟ್ರೇಲ್ ಆಪ್‌ಗಳಲ್ಲಿ 'ಈಸಿ', 'ಮಾಡರೇಟ್', 'ಹಾರ್ಡ್' ಅಂತ ಟ್ಯಾಗ್ ಇರುತ್ತೆ, ನಿಮಗೂ ಗೊತ್ತು. ಅದರಲ್ಲಿ ಹೆಚ್ಚಾಗಿ ಕಾಣೋದು ದೂರ ಮತ್ತು ಏರು, ಅಷ್ಟೇ. ಮಂಡಿ ನೋವಿರೋರಿಗೆ, ಸ್ಟೆಂಟ್ ಇರೋರಿಗೆ, ಸ್ಟ್ರೋಲರ್ ತಳ್ಳೋರಿಗೆ ಅದು ಸಾಕಾಗಲ್ಲ.

ನಾನು ಮಾಡಿಕೊಂಡ ಚೆಕ್‌ಲಿಸ್ಟ್ ಇಷ್ಟು:

ಒಂದು, ಕಾಲಡಿ ಏನಿದೆ? ಜಲ್ಲಿ ದಾರಿಯಾ, ಹುಲ್ಲಾ, ಕೆಸರಾ, ಕಲ್ಲಾ?

ಎರಡು, ಗೇಟಾ, ಸ್ಟೈಲಾ? ಇಂಗ್ಲೆಂಡಿನ ಹಳ್ಳಿಗಾಡಲ್ಲಿ ಹೊಲಗಳ ಮಧ್ಯೆ ಗಾರೆ ಇಲ್ಲದ ಕಲ್ಲಿನ ಗೋಡೆಗಳು. ದಾಟೋಕೆ ಕೆಲವು ಕಡೆ ಗೇಟ್, ಕೆಲವು ಕಡೆ ಗೋಡೆ ಹತ್ತಿ ಇಳಿಯೋ ಮೆಟ್ಟಿಲು. ಅದಕ್ಕೇ ಸ್ಟೈಲ್ ಅನ್ನೋದು. ನಮಗೆ ಎರಡು ಸೆಕೆಂಡ್, ಮಂಡಿ ಸವೆದವರಿಗೆ ಅದೇ ಎವರೆಸ್ಟ್. ಡೇಲ್ಸ್ ನ್ಯಾಷನಲ್ ಪಾರ್ಕಿನವರು 'ಮೈಲ್ಸ್ ವಿದೌಟ್ ಸ್ಟೈಲ್ಸ್' ಅಂತ ಸ್ಟೈಲ್ ಇಲ್ಲದ ದಾರಿಗಳದ್ದೇ ಬೇರೆ ಪಟ್ಟಿ ಮಾಡಿದ್ದಾರೆ. ಹುಡುಕೋವಾಗ ಈ ಪದ ಹಾಕಿ.

ಮೂರು, ಇದು ಮುಖ್ಯ: ಎಲ್ಲಿಂದ ಬೇಕಾದರೂ ವಾಪಸ್ ಬರಬಹುದಾ? ಯಾವುದೋ ತುದಿ ಮುಟ್ಟಿದರೆ ಮಾತ್ರ 'ಮುಗೀತು' ಅನಿಸೋ ದಾರಿಯಾ? ಅಥವಾ ಅರ್ಧಕ್ಕೆ ತಿರುಗಿದರೂ ನೋಡಿದ್ದು ನೋಡಿದ್ದೇ ಅನಿಸೋ ದಾರಿಯಾ?

ಮೂರನೇ ಪ್ರಶ್ನೆ ಹಾಕಿದಾಗ ಬೆಟ್ಟಗಳೆಲ್ಲ ಲಿಸ್ಟಿಂದ ಹೋದವು. ಉಳಿದದ್ದು ಕೆರೆ. ಕೆರೆಗೆ ತುದಿ ಅಂತ ಇಲ್ಲವಲ್ಲ.

ಇಲ್ಲಿ ಕೆರೆ ಇರಲೇಬಾರದಿತ್ತು

ಮ್ಯಾಲಮ್ ಟಾರ್ನ್ ಇರೋದು ಕೋವ್‌ಗಿಂತಲೂ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 375 ಮೀಟರ್ ಎತ್ತರದಲ್ಲಿ. ಆದರೆ ಅಲ್ಲಿವರೆಗೆ ಕಾರೇ ಹೋಗುತ್ತೆ. ಹಳ್ಳಿಯಿಂದ ಕಡಿದಾದ, ಕಿರಿದಾದ ರಸ್ತೆ. ಹತ್ತೋ ಕೆಲಸ ಎಂಜಿನ್‌ದು. ಕೆರೆಯ ದಕ್ಷಿಣಕ್ಕೆ 'ವಾಟರ್ ಸಿಂಕ್ಸ್' ಹತ್ತಿರ ಪಾರ್ಕಿಂಗ್ ಮಾಡಿ ಇಳಿದರೆ ಮುಂದೆ ಅಗಲವಾದ ಹುಲ್ಲುಗಾವಲು, ದೂರದಲ್ಲಿ ಬೆಳ್ಳಿ ತಟ್ಟೆ ಹಾಗೆ ನೀರು.

ಅಪ್ಪನಿಗೆ ಎಲ್ಲಿಗೆ ಹೋಗ್ತಿದೀವಿ ಅಂತ ಹೇಳಿರಲಿಲ್ಲ. "ಡ್ರೈವ್ ಹೋಗೋಣ, ಊಟ ಕಟ್ಕೊಳ್ಳೋಣ" ಅಂದಿದ್ದೆ. ಚಿತ್ರಾನ್ನ, ಮೊಸರು, ಒಂದು ಹೋಳು ನಿಂಬೆಹಣ್ಣು.

ಕಾರಿಂದ ಇಳಿದ ಅಪ್ಪ ನೀರು ನೋಡಲಿಲ್ಲ, ಪಕ್ಕದ ಗೋಡೆ ನೋಡಿದರು. ಬೂದು ಬಣ್ಣದ ಕಲ್ಲಿನ ಮೇಲೆ ಅಂಗೈ ಇಟ್ಟು, ಉಗುರಲ್ಲಿ ಗೀರಿ, "ಇದು ಸುಣ್ಣದ ಕಲ್ಲ ಅದ" ಅಂದರು. "ನಮ್ ಶಹಾಬಾದ್ ಕಲ್ಲಿನ ಸಂಬಂಧಿ."

ನಿಜ. ನಮ್ಮಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಹಾಸಿರೋ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ನಮ್ಮ ಮನೇಲಿ ಅಮ್ಮ ಉಪ್ಪಿನಕಾಯಿಗೆ ನೆಲದ ಮೇಲೆ ಕೂತು ನಿಂಬೆಹಣ್ಣು ಹೆಚ್ಚೋವಾಗ ಅಪ್ಪ ಪ್ರತಿ ಸಲ ಕೂಗಾಡ್ತಿದ್ದರು. ಹುಳಿ ಬಿದ್ದ ಕಡೆ ಪಾಲಿಶ್ ಹೋಗಿ ಬಿಳಿ ಕಲೆ ಉಳಿದುಬಿಡುತ್ತೆ ಅಂತ. ಕೆಮಿಸ್ಟ್ರಿ ಪುಸ್ತಕದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಆಮ್ಲದ ಪಾಠ ಓದೋಕೆ ಮುಂಚೆಯೇ ಅದನ್ನ ನಮ್ಮನೆ ಅಡುಗೆಮನೆ ನೆಲ ನನಗೆ ಕಲಿಸಿತ್ತು.

ಮ್ಯಾಲಮ್ ಕಥೆ ಎಲ್ಲ ಈ ನಿಂಬೆಹಣ್ಣಿನ ಕಲೆಯದೇ, ದೊಡ್ಡ ಅಳತೆಯಲ್ಲಿ. ಮಳೆನೀರು ಗಾಳಿಯಿಂದ, ಮಣ್ಣಿಂದ ಇಂಗಾಲದ ಡೈ ಆಕ್ಸೈಡ್ ಎಳ್ಕೊಂಡು ಸ್ವಲ್ಪ ಹುಳಿಯಾಗುತ್ತೆ. ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು ಸಾವಿರಾರು ವರ್ಷ ಅದನ್ನ ಕರಗಿಸುತ್ತೆ. ಬಿರುಕು ಕಾಲುವೆಯಾಗುತ್ತೆ, ಕಾಲುವೆ ಗುಹೆಯಾಗುತ್ತೆ. ಹಾಗಾಗಿ ಸುಣ್ಣದ ಕಲ್ಲಿನ ನಾಡಲ್ಲಿ ಮಳೆ ಎಷ್ಟೇ ಬರಲಿ, ನೀರು ಮೇಲೆ ನಿಲ್ಲೋದು ಕಮ್ಮಿ. ನೆಲ ಅಂದ್ರೆ ಜರಡಿ.

ಹಾಗಾದರೆ ಇಷ್ಟು ದೊಡ್ಡ ಕೆರೆ ಇಲ್ಲಿ ಹೇಗೆ ನಿಂತಿದೆ?

ಕಾರಣ ಕೆಳಗಿದೆ. ಇಲ್ಲೊಂದು ಭೂಮಿಯ ಸ್ತರಭಂಗ ಹಾದುಹೋಗುತ್ತೆ, ನಾರ್ತ್ ಕ್ರೇವನ್ ಫಾಲ್ಟ್ ಅಂತ. ಅದರಿಂದಾಗಿ ಕೆರೆಯ ಅಡಿಯಲ್ಲಿ ಸುಣ್ಣದ ಕಲ್ಲಿಗಿಂತ ಹಳೆಯ ಸ್ಲೇಟ್ ಪದರ ಮೇಲಕ್ಕೆ ಬಂದಿದೆ. ಸ್ಲೇಟ್ ನೀರು ಬಿಡಲ್ಲ. ಅದರ ಮೇಲೆ ಹಿಮಯುಗದ ಹಿಮನದಿಗಳು ಬಿಟ್ಟುಹೋದ ಜೇಡಿಮಣ್ಣು ಬೇರೆ. ಜರಡಿ ಮೇಲೆ ಯಾರೋ ಒಂದು ತಟ್ಟೆ ಇಟ್ಟ ಹಾಗೆ. 1791ರಲ್ಲಿ ಆಗಿನ ಜಮೀನುದಾರ ಲಾರ್ಡ್ ರಿಬಲ್ಸ್‌ಡೇಲ್ ದಕ್ಷಿಣದ ತುದಿಗೆ ಸಣ್ಣ ಒಡ್ಡು ಕಟ್ಟಿ ನೀರಿನ ಮಟ್ಟ ಇನ್ನಷ್ಟು ಏರಿಸಿದ. ಆದರೂ ಇದು ಆಳದ ಕೆರೆ ಅಲ್ಲ. ಅತಿ ಆಳ ಅಂದ್ರೆ ನಾಲ್ಕು ಚಿಲ್ಲರೆ ಮೀಟರ್. ವಿಸ್ತಾರ ಮಾತ್ರ ಸುಮಾರು 62 ಹೆಕ್ಟೇರ್.

ಇದನ್ನೆಲ್ಲ ನಾನು ಅಪ್ಪನಿಗೆ ಹೇಳೋಕೆ ಶುರು ಮಾಡಿದೆ. ಅರ್ಧಕ್ಕೆ ಅವರೇ ಹೇಳೋಕೆ ಶುರು ಮಾಡಿದರು. ಕಲ್ಲಿನ ಬಗ್ಗೆ ಅವರಿಗೆ ಪಾಠ ಮಾಡೋಕೆ ಹೊರಟಿದ್ದು ನನ್ನ ಎರಡನೇ ತಪ್ಪು.

ಹೀಗೆ ಮಾತಾಡ್ತಾ ಅರ್ಧ ಕಿಲೋಮೀಟರ್ ನಡೆದಿದ್ದೆವು. ಇಬ್ಬರಿಗೂ ಗೊತ್ತಾಗಿರಲಿಲ್ಲ.

ದಾರಿ ಹೀಗಿದೆ

ಪಾರ್ಕಿಂಗ್‌ನಿಂದ ಹುಲ್ಲಿನ ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಕೆರೆ ನಿಮ್ಮ ಎಡಕ್ಕೆ ಬರುತ್ತೆ. ಬಲಕ್ಕೆ ಗ್ರೇಟ್ ಕ್ಲೋಸ್ ಸ್ಕಾರ್ ಅನ್ನೋ ಸುಣ್ಣದ ಕಲ್ಲಿನ ಬಂಡೆಸಾಲು. ಅದರ ಪಕ್ಕದ ಬಯಲಲ್ಲಿ ಹದಿನೆಂಟನೇ ಶತಮಾನದಲ್ಲಿ ದೊಡ್ಡ ದನದ ಸಂತೆ ನಡೀತಿತ್ತು, ಸ್ಕಾಟ್ಲೆಂಡಿಂದ ಸಾವಿರಾರು ದನ ಹೊಡ್ಕೊಂಡು ಬರ್ತಿದ್ದರು. ಈಗ ಕುರಿಗಳು, ಮತ್ತೆ ನಮ್ಮಂಥೋರು.

ಸ್ವಲ್ಪ ಮುಂದೆ ಗಟ್ಟಿ ಜಲ್ಲಿ ದಾರಿ ಸಿಗುತ್ತೆ. ಇಲ್ಲಿ ನಡೀತಿರೋದು ಸಾಮಾನ್ಯ ದಾರಿಯಲ್ಲಲ್ಲ ಅಂತ ಅಪ್ಪನಿಗೆ ಹೇಳಿದೆ. ಇದು ಪೆನ್ನೈನ್ ವೇ, ಬ್ರಿಟನ್ನಿನ ಮೊದಲ ನ್ಯಾಷನಲ್ ಟ್ರೇಲ್. ದಕ್ಷಿಣದ ಈಡೇಲ್‌ನಿಂದ ಸ್ಕಾಟ್ಲೆಂಡ್ ಗಡಿ ದಾಟಿ ಕರ್ಕ್ ಯೆಟ್‌ಹೋಮ್‌ವರೆಗೆ 431 ಕಿ.ಮೀ. ಅದರ ಉದ್ಘಾಟನೆ ಆಗಿದ್ದೇ ಈ ಮ್ಯಾಲಮ್ ಮೂರ್‌ನಲ್ಲಿ, 1965ರ ಏಪ್ರಿಲ್ 24ರಂದು. ಅದಕ್ಕೆ 33 ವರ್ಷ ಮುಂಚೆ ಅದೇ ಏಪ್ರಿಲ್ 24ಕ್ಕೆ ಕಿಂಡರ್ ಸ್ಕೌಟ್ ಅನ್ನೋ ಬೆಟ್ಟದಲ್ಲಿ ನೂರಾರು ಜನ, ಅದರಲ್ಲಿ ಕಾರ್ಖಾನೆ ಕೆಲಸಗಾರರೇ ಬಹಳ, ಜಮೀನುದಾರರ ಬೇಲಿ ಲೆಕ್ಕಿಸದೆ ನಡೆದಿದ್ದರು. "ನಡೆಯೋದು ನಮ್ಮ ಹಕ್ಕು" ಅನ್ನೋದು ಅವರ ವಾದ. ಕೆಲವರು ಜೈಲಿಗೂ ಹೋದರು.

"ನಡಿಯೋದಕ್ಕ ಜೈಲಿಗೆ ಹೋಗಿದ್ರಾ?" ಅಪ್ಪ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಡೆದರು.

ಕೆರೆಯ ಉತ್ತರಕ್ಕೆ ಮರಗಳ ಮಧ್ಯೆ ಟಾರ್ನ್ ಹೌಸ್ ಅನ್ನೋ ದೊಡ್ಡ ಮನೆ. ಹತ್ತೊಂಬತ್ತನೇ ಶತಮಾನದಲ್ಲಿ ವಾಲ್ಟರ್ ಮಾರಿಸನ್ ಅನ್ನೋ ಶ್ರೀಮಂತನದ್ದು. ಡಾರ್ವಿನ್, ರಸ್ಕಿನ್ ಥರದವರು ಅತಿಥಿಗಳಾಗಿ ಬಂದಿದ್ದ ಮನೆ. ಚಾರ್ಲ್ಸ್ ಕಿಂಗ್ಸ್‌ಲಿ ಬರೆದ 'ದ ವಾಟರ್ ಬೇಬೀಸ್' ಅನ್ನೋ ಮಕ್ಕಳ ಕಾದಂಬರಿಗೆ, 1863ರದ್ದು, ಈ ಪ್ರದೇಶವೇ ಸ್ಫೂರ್ತಿ ಅಂತಾರೆ. 1946ರಿಂದ ಈ ಎಸ್ಟೇಟ್ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಮನೆಯ ಹಿಂದಿನ ಕಾಡಿನ ದಾರಿ ತಂಪು, ಗಾಳಿ ಹೊಡೆಯಲ್ಲ. ಸುಸ್ತಾದವರು ಇಲ್ಲೇ ಕೂತು ಊಟ ಮಾಡಿ ವಾಪಸ್ ಹೋದರೆ ಹೋಗಿ ಬರೋದು ನಾಲ್ಕೈದು ಕಿ.ಮೀ. ಆಗುತ್ತೆ.

ಇನ್ನೂ ಶಕ್ತಿ ಇದ್ದರೆ ಮುಂದೆ ಬೋಟ್‌ಹೌಸ್, ಅದಾದ ಮೇಲೆ ಎಡಕ್ಕೆ ಟಾರ್ನ್ ಮಾಸ್ ಅನ್ನೋ ಜೌಗು ನೆಲದ ಮೇಲೆ ಮರದ ಹಲಗೆಯ ದಾರಿ. ನನಗೆ ಇಷ್ಟವಾದ ಜಾಗ ಇದೇ. ಕೆಳಗೆ ಪೀಟ್, ಅಂದ್ರೆ ಸಾವಿರಾರು ವರ್ಷದಿಂದ ಕೊಳೆಯದೆ ಪದರ ಪದರವಾಗಿ ಕೂತ ಪಾಚಿ-ಗಿಡಗಳ ರಾಶಿ. ಕೆರೆ ನೀರು ಸುಣ್ಣದ್ದು, ಕ್ಷಾರ. ಪಕ್ಕದಲ್ಲೇ ಈ ಜೌಗು ಮಳೆನೀರಿನದು, ಆಮ್ಲ. ಹಾಗಾಗಿ ನಾಲ್ಕು ಹೆಜ್ಜೆಗೆ ಗಿಡಗಳು ಬದಲಾಗುತ್ತವೆ. 2016ರಲ್ಲಿ ನ್ಯಾಷನಲ್ ಟ್ರಸ್ಟ್ ಇಲ್ಲಿ ಸುಮಾರು ನೂರು ವಾಟರ್ ವೋಲ್‌ಗಳನ್ನ ಬಿಟ್ಟಿತ್ತು. ಇಲಿಗಿಂತ ದುಂಡಗಿನ, ನೀರಲ್ಲಿ ಈಜೋ ಪ್ರಾಣಿ. ಯಾರ್ಕ್‌ಶೈರಿನ ಈ ಭಾಗದಲ್ಲಿ ಕಾಣೆಯಾಗಿದ್ದವು. ನಮಗೆ ಒಂದೂ ಕಾಣಲಿಲ್ಲ. 'ಪ್ಲಾಪ್' ಅಂತ ಒಂದು ಸದ್ದು ಕೇಳ್ತು. ಅದೇ ಅಂತ ಅಪ್ಪ ವಾದ ಮಾಡಿದರು, ಬಿಟ್ಟುಕೊಟ್ಟೆ.

"ನನ್ನ ಮುಖ ನೋಡು"

ಊಟಕ್ಕೆ ಕಾಡಿನ ಅಂಚಲ್ಲಿ ಕೂತೆವು. ಅಪ್ಪ ದಾರಿಯ ಜಲ್ಲಿಯಿಂದ ಒಂದು ಚೂರು ಕಲ್ಲು ಎತ್ಕೊಂಡು ಅದರ ಮೇಲೆ ನಿಂಬೆಹಣ್ಣು ಹಿಂಡಿದರು. ಕಿವಿ ಹತ್ತಿರ ಹಿಡಿದು, ನನಗೂ ಕೊಟ್ಟರು. ಸಣ್ಣಗೆ, ಸೋಡಾ ಥರ ಚುರುಚುರು ಸದ್ದು. "ನೋಡು, ಉಸಿರಾಡ್ಲತ್ತದ" ಅಂದರು. ಈ ಕಲ್ಲು 33 ಕೋಟಿ ವರ್ಷದಷ್ಟು ಹಿಂದೆ, ಇಂಗ್ಲೆಂಡಿನ ಈ ಜಾಗ ಭೂಮಧ್ಯರೇಖೆ ಹತ್ತಿರದ ಬೆಚ್ಚಗಿನ ಸಮುದ್ರದ ತಳದಲ್ಲಿದ್ದಾಗ, ಸತ್ತ ಚಿಪ್ಪುಗಳಿಂದ ಆದದ್ದು ಅಂದೆ. ಶಹಾಬಾದ್ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು, ಚಿಪ್ಪಿನ ಜೀವಿಗಳು ಹುಟ್ಟೋಕೂ ಮುಂಚಿನದು ಅಂದಾಗ ಅಪ್ಪನ ಮುಖದಲ್ಲಿ ಒಂದು ಗೆಲುವು ಬಂತು, ಅವರೇ ಮಾಡಿದ ಕಲ್ಲೇನೋ ಅನ್ನೋ ಹಾಗೆ.

ಒಂದು ವಿಷಯ ಹೇಳಿರಲಿಲ್ಲ. ನನ್ನ ಹಳೇ ಸ್ಮಾರ್ಟ್‌ವಾಚ್ ಅಪ್ಪನ ಕೈಗೆ ಕಟ್ಟಿದ್ದೆ. ಅದರ ಹಾರ್ಟ್ ರೇಟ್ ನನ್ನ ಫೋನಲ್ಲಿ ಬರೋ ಹಾಗೆ ಸೆಟ್ ಮಾಡಿದ್ದೆ. ಎರಡು ನಿಮಿಷಕ್ಕೊಮ್ಮೆ ಫೋನ್ ನೋಡ್ತಿದ್ದೆ. 88. 94. 97. ಮನಸ್ಸಲ್ಲೇ ಗ್ರಾಫ್ ಹಾಕ್ತಿದ್ದೆ. ಆಫೀಸಲ್ಲಿ ಸರ್ವರ್ ಮಾನಿಟರ್ ಮಾಡೋ ಥರ.

ಅಪ್ಪನಿಗೆ ಗೊತ್ತಿತ್ತು. ಊಟ ಮುಗಿಸಿ ಕೈ ತೊಳೆದು, ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ನನ್ನ ಮುಖ ನೋಡು. ಇದನ್ನೇನು ನೋಡ್ತಿ?"

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. "ಅವತ್ತು ಮೆಟ್ಟಲಾಗ ಎದಿ ನೋಯಲಿಲ್ಲ. ಅಂಜಿಕಿ ಬಂತು. ಇಲ್ಲಿ ನಂಗ ಏನರೆ ಆದ್ರ ಈ ಪರದೇಶದಾಗ ನೀ ಒಬ್ಬನೇ ಏನು ಮಾಡ್ತಿ ಅಂತ. ಹಿಂದ ಮಂದಿ ನಿಂತಿದ್ರು. ಮ್ಯಾಲ ಹೋಗ್ಲಿಕ್ಕೂ ಆಗ್ಲಿಲ್ಲ, ಕೆಳಗ ಇಳೀಲಿಕ್ಕೂ ನಾಚಿಕಿ."

ಆರು ತಿಂಗಳಿಂದ ಅಮ್ಮ, ನಾನು, ತಂಗಿ ಎಲ್ಲ ಸೇರಿ ಅಪ್ಪನಿಗೆ ಸೋಮಾರಿತನ ಅಂದ್ಕೊಂಡಿದ್ದೆವು. ವೀಡಿಯೋ ಕಾಲ್‌ನಲ್ಲಿ "ವಾಕಿಂಗ್ ಹೋದ್ರಾ?" ಅಂತ ದಿನಾ ಬೈದಿದ್ದೆವು. ಭಯ ಅಂತ ಒಬ್ಬರೂ ಕೇಳಿರಲಿಲ್ಲ. ಕಲಬುರಗಿಯಲ್ಲೂ ಅದೇ ಆಗಿತ್ತಂತೆ. ಮನೆಯಿಂದ ದೂರ ಹೋದಮೇಲೆ ಏನಾದ್ರೂ ಆದರೆ ಯಾರು ನೋಡ್ತಾರೆ ಅಂತ, ಗೇಟ್ ಹತ್ತಿರವೇ ನಿಂತು ವಾಪಸ್ ಬರ್ತಿದ್ದರಂತೆ.

ಹಲಗೆ ದಾರಿಯ ಆಚೆ ಡಾಂಬರು ರಸ್ತೆ ಹಿಡಿದು ಹೋದರೆ ಕೆರೆಗೆ ಪೂರ್ತಿ ಒಂದು ಸುತ್ತು, ಎಲ್ಲ ಸೇರಿ ಸುಮಾರು 7 ಕಿ.ಮೀ. 'ಸುತ್ತು ಮುಗಿಸಬೇಕು' ಅನ್ನೋ ಹುಳ ನನ್ನ ತಲೇಲಿ ಇತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ರಸ್ತೆ ಕಡೆ ನೋಡಿದರು. ನೆರಳಿಲ್ಲ, ಗಾಳಿ ಇದೆ. "ಬ್ಯಾಡ. ಬಂದ ದಾರೀಲೆ ಹೋಗಣ. ಹೋಗೂಮುಂದ ಎಡಕ್ಕ ನೋಡಿದ್ದು, ಬರೂಮುಂದ ಬಲಕ್ಕ ನೋಡಣ" ಅಂದು ತಿರುಗಿ ನಡೆದೇಬಿಟ್ಟರು.

ಮೆಟ್ಟಿಲ ಮೇಲೆ ಕೂತ ಮನುಷ್ಯನೂ ಇವರೇ, ಇಲ್ಲಿ ತಿರುಗಿ ನಡೆದ ಮನುಷ್ಯನೂ ಇವರೇ. ಎರಡೂ ಸಲ ಅರ್ಧಕ್ಕೇ ವಾಪಸ್. ಆದರೆ ಅವತ್ತು ಅದು ಸೋಲಾಗಿತ್ತು, ಇವತ್ತು ಅವರದೇ ನಿರ್ಧಾರ. ಸುಲಭದ ದಾರಿ ಅಂದ್ರೆ ಏನು ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ಕಾಲಿಗೆ ಸುಲಭ ಇದ್ದರೆ ಸಾಲದು. ವಾಪಸ್ ಬರೋದು ಸುಲಭ ಇರಬೇಕು.

ನೀರು ಎಲ್ಲಿ ಹೋಯ್ತು?

ಕಾರಿನ ಹತ್ತಿರ ಬಂದಮೇಲೂ ಟೈಮ್ ಇತ್ತು. ರಸ್ತೆ ದಾಟಿ ದಕ್ಷಿಣಕ್ಕೆ ಕೆರೆಯಿಂದ ಹೊರಬರೋ ತೊರೆ ಹಿಡಿದು ಕೆಲವು ನೂರು ಮೀಟರ್ ಹೋದೆವು. ಸಮತಟ್ಟು ಹುಲ್ಲು. ತೊರೆ ಚೆನ್ನಾಗೇ ಹರೀತಿತ್ತು. ನೋಡ್ತಾ ನೋಡ್ತಾ ಸಣ್ಣದಾಯ್ತು. ಕಲ್ಲುಗಳ ಮಧ್ಯೆ ನುಗ್ಗಿ ಮಾಯ. ದೊಡ್ಡ ಗುಹೆ, ಗುಂಡಿ ಏನೂ ಇಲ್ಲ. ಸುಮ್ಮನೆ ನೀರು ಮುಗಿದುಹೋಗುತ್ತೆ. ಅದಕ್ಕೇ ಈ ಜಾಗದ ಹೆಸರು ವಾಟರ್ ಸಿಂಕ್ಸ್. ಸ್ಲೇಟ್ ತಟ್ಟೆ ಮುಗಿದು ಸುಣ್ಣದ ಕಲ್ಲಿನ ಜರಡಿ ಶುರುವಾಗೋ ಗಡಿ ಇಲ್ಲೇ ಎಲ್ಲೋ ದಾಟುತ್ತೆ.

"ಎಲ್ಲಿ ಹೋಯ್ತೋ ನೀರು?" ಅಪ್ಪ ಬಗ್ಗಿ ನೋಡಿದರು.

ಇಲ್ಲಿಂದ ಮುಂದೆ ಒಂದು ಒಣ ಕಣಿವೆ ಇದೆ, ಹಿಮಯುಗದ ನೀರು ಕೊರೆದದ್ದು. ಅದು ನೇರ ಕೋವ್‌ನ ನೆತ್ತಿಗೆ ಹೋಗುತ್ತೆ. ಹಾಗಾಗಿ ಇಲ್ಲಿ ಮುಳುಗಿದ ನೀರೇ ಕೋವ್ ಬುಡದಲ್ಲಿ ಬರೋ ತೊರೆ ಅಂತ ಜನ ಬಹಳ ಕಾಲ ನಂಬಿದ್ದರು. ಪರೀಕ್ಷೆ ಮಾಡಿ ನೋಡಿದಾಗ ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಈ ನೀರು ಮುಖ್ಯವಾಗಿ ಮೇಲೆ ಬರೋದು ಹಳ್ಳಿಗೂ ಕೆಳಗಿರೋ ಏರ್ ಹೆಡ್ ಅನ್ನೋ ಬುಗ್ಗೆಗಳಲ್ಲಿ. ಕೋವ್‌ನ ತೊರೆಗೆ ಬೇರೆ ಕಡೆ ಮುಳುಗೋ ನೀರು ಬಂದು ಸೇರುತ್ತೆ. ನೆಲದಡಿಯ ಕಾಲುವೆಗಳು ಒಂದನ್ನೊಂದು ಹೇಗೆ ದಾಟುತ್ತವೋ ಮೇಲಿನಿಂದ ಕಾಣಲ್ಲ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಚಂಡಮಾರುತ ಬಂದಾಗ ಮಾತ್ರ ಈ ಕಾಲುವೆಗಳಿಗೂ ನೀರು ಹಿಡಿಸದೆ, ಅದು ಒಣ ಕಣಿವೆಯಲ್ಲೇ ಹರಿದು ಕೋವ್ ಮೇಲಿಂದ ಜಲಪಾತವಾಗಿ ಬಿತ್ತು. ಬದುಕಿರೋ ಯಾರೂ ಅದನ್ನ ಮುಂಚೆ ನೋಡಿರಲಿಲ್ಲ.

ಆ ಬುಗ್ಗೆಗಳಿಂದ ಶುರುವಾಗೋದು ಏರ್ ನದಿ. ಸ್ಕಿಪ್ಟನ್, ಕೀತ್ಲಿ, ಬಿಂಗ್ಲಿ ದಾಟಿ ಅದು ಲೀಡ್ಸ್‌ಗೆ ಬರುತ್ತೆ. ನಾನು ದಿನಾ ಆಫೀಸಿಗೆ ಹೋಗೋವಾಗ ದಾಟೋ ಸೇತುವೆ ಕೆಳಗಿರೋದು ಅದೇ ನೀರು.

ಸೋಮವಾರ ಬೆಳಿಗ್ಗೆ ನಾನು ಹೊರಡೋವಾಗ ಅಪ್ಪ ಶೂ ಹಾಕ್ಕೊಂಡು ರೆಡಿ ಇದ್ದರು. "ಆ ನೀರು ಬಂತೇನು ನೋಡ್ತೀನಿ" ಅಂದರು. ಸೇತುವೆವರೆಗೆ ನನ್ನ ಜೊತೆ ಬಂದು, ಒಬ್ಬರೇ ವಾಪಸ್ ನಡೆದು ಹೋದರು. ಆಮೇಲೆ ಇದ್ದಷ್ಟು ದಿನ ಅದೇ ಅಭ್ಯಾಸ.

ಹೋಗೋರಿಗೆ ನಾಲ್ಕು ಮಾತು

ಮ್ಯಾಲಮ್ ಹಳ್ಳಿಯ ನ್ಯಾಷನಲ್ ಪಾರ್ಕ್ ಕಾರ್ ಪಾರ್ಕ್‌ನಲ್ಲಿ ಟಾಯ್ಲೆಟ್ ಇದೆ. ಮೇಲೆ ಹೋಗೋ ಮುಂಚೆ ಅಲ್ಲೇ ಮುಗಿಸಿ. ವಯಸ್ಸಾದವರು ಟಾಯ್ಲೆಟ್ ಚಿಂತೆಗೇ ನೀರು ಕುಡಿಯಲ್ಲ, ನೆನಪಿರಲಿ.

ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ. ಜೂನ್ ಆದರೂ ಮೇಲೆ ಗಾಳಿ ಜೋರು. ಕಿವಿ ಮುಚ್ಚೋ ಟೋಪಿ ಒಂದು ಇರಲಿ, ನಮ್ಮ ಹಿರಿಯರ ಮಂಕಿ ಕ್ಯಾಪ್‌ಗೆ ಇಲ್ಲಿ ಕೊನೆಗೂ ನ್ಯಾಯ ಸಿಗುತ್ತೆ.

ಇನ್ನೂ ಸುಲಭ ಬೇಕಂದ್ರೆ ಹಳ್ಳಿಯಿಂದ ಕೋವ್ ಬುಡದವರೆಗೆ ಹೋಗಿ, ಬುಡದಲ್ಲೇ ನಿಲ್ಲಿ. ಮೇಲೆ ಹತ್ತೋ ಕಾಲಿದ್ದರೆ ಅಲ್ಲಿ ಸುಣ್ಣದ ಕಲ್ಲಿನ ದೊಡ್ಡ ಹಾಸು ಇದೆ. ಅದರ ಬಿರುಕುಗಳಲ್ಲಿ ಜರೀಗಿಡಗಳು ಬೆಳೆಯುತ್ತವೆ. ಕಾಲು ಉಳುಕೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಹುಷಾರು. ಆ ಕಲ್ಲುಹಾಸಿಗೆ 1981ರ ಕಾನೂನಿನ ರಕ್ಷಣೆ ಇದೆ, ಚೂರೂ ಎತ್ತಬೇಡಿ. ನಿಂಬೆಹಣ್ಣಿನ ಪ್ರಯೋಗ ದಾರಿಯ ಜಲ್ಲಿ ಮೇಲೆ ಸಾಕು.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸೋವಾಗ ಅಪ್ಪ-ಅಮ್ಮನ ಬಿಪಿ, ಶುಗರ್, ಸ್ಟೆಂಟ್ ಎಲ್ಲ ಬರೆಯಿರಿ. ಪ್ರೀಮಿಯಂ ಜಾಸ್ತಿಯಾಗುತ್ತೆ ಅಂತ ಮುಚ್ಚಿಡಬೇಡಿ. ಕಾರ್ಡಿನ ಒಂದು ಕಾಪಿ ಅವರ ಜೇಬಲ್ಲೂ ಇರಲಿ. ಅಪ್ಪನಿಗೆ ಇದನ್ನ ಮೊದಲ ದಿನವೇ ತೋರಿಸಿ, "ಏನಾದ್ರೂ ಆದ್ರೆ ಈ ನಂಬರ್, ಈ ಆಸ್ಪತ್ರೆ, ಇಷ್ಟು ದೂರ" ಅಂತ ಹೇಳಿದ್ದರೆ ಅರ್ಧ ಅಂಜಿಕೆ ಅವತ್ತೇ ಹೋಗ್ತಿತ್ತೇನೋ.

ಕೊನೇದು: "ನಡೆಯೋಕಾಗುತ್ತಾ?" ಅಂತ ಕೇಳಬೇಡಿ. "ಆಗಲ್ಲ" ಅಂತ ಯಾವ ಅಪ್ಪನೂ ಹೇಳಲ್ಲ. "ಎಲ್ಲಿ ತಿರುಗೋಣ?" ಅಂತ ಕೇಳಿ.

ಅಪ್ಪ ಈಗ ಕಲಬುರಗಿಯಲ್ಲಿದ್ದಾರೆ. ಶರಣಬಸವೇಶ್ವರ ಕೆರೆ ಅಂತ ಇದೆಯಲ್ಲ, ಊರವರೆಲ್ಲ ಅಪ್ಪನ ಕೆರೆ ಅನ್ನೋದು, ಅಲ್ಲಿ ಬೆಳಿಗ್ಗೆ ವಾಕಿಂಗ್. ಮೊನ್ನೆ ಫೋನಲ್ಲಿ "ಪೂರ್ತಿ ಸುತ್ತು ಹಾಕಿದ್ರಾ?" ಅಂತ ಕೇಳಿದೆ, ಹಳೇ ಚಟ.

"ಇಲ್ಲ. ಅರ್ಧಕ್ಕ ಬಂದೆ. ದಾರ್ಯಾಗ ಹಳೇ ಗೆಳೆಯ ಸಿಕ್ಕ, ಚಹಾ ಕುಡಿಲಿಕ್ಕ ಹೋದ್ವಿ."

ಸರಿ, ಮುಂದಿನ ವಾರ ಸಿಗೋಣ. ನಿಮ್ಮ ಮನೆಯವರನ್ನ ಕರ್ಕೊಂಡು ಹೋದ ಸುಲಭದ ದಾರಿ ಯಾವುದು ಅಂತ ಬರೀರಿ. ಎಲ್ಲಿವರೆಗೆ ಹೋದಿರಿ ಅಂತ ಬೇಡ, ಎಲ್ಲಿ ತಿರುಗಿದಿರಿ ಅಂತ ಬರೀರಿ.